ಸಂಜೆಯ ಗಲ್ಲಾ, ಅರವತ್ತು ದಿನದ ಬಿಲ್ಲು

ದಾವಣಗೆರೆಯಲ್ಲಿ ಯಾರಾದರೂ ‘ಕೆಲಸ ಬಿಟ್ಟು ಸ್ವಂತಕ್ಕೆ ಏನಾದ್ರೂ ಮಾಡ್ತೀನಿ’ ಅಂದರೆ ಕೇಳಿದವರ ಕಣ್ಣಮುಂದೆ ಬರೋದು ಬೆಣ್ಣೆದೋಸೆ ಹೋಟೆಲು, ಇಲ್ಲವೇ ಮಂಡಕ್ಕಿ ಅಂಗಡಿ. ಎರಡೂ ಕೈಮೇಲಿನ ರೊಕ್ಕದ ವ್ಯಾಪಾರ. ಸಂಜೆ ಗಲ್ಲಾ ಎಣಿಸಿದರೆ ಆವತ್ತಿನ ಕಥೆ ಆವತ್ತೇ ಗೊತ್ತಾಗುತ್ತದೆ. ನಾನಿರುವ ಕೊಯಮತ್ತೂರಿನ ಗಣಪತಿ, ಕುರಿಚಿ ಕಡೆ ಅದೇ ಮಾತಿಗೆ ಅರ್ಥ ಬೇರೆ. ಇಲ್ಲಿ ಕಂಪನಿ ಬಿಡುವ ಆಪರೇಟರ್ ಒಂದು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ, ಲೋಹ ಕಡೆಯುವ ಯಂತ್ರ) ಹಾಕಿಕೊಂಡು, ಬಿಟ್ಟುಬಂದ ಕಂಪನಿಯದೇ ಪಂಪ್ ಶಾಫ್ಟುಗಳನ್ನು ಜಾಬ್ ವರ್ಕ್‌ಗೆ, ಅಂದರೆ ಮಾಲು ಅವರದು ಕೂಲಿ ತನ್ನದು ಅನ್ನುವ ಲೆಕ್ಕಕ್ಕೆ, ತರುತ್ತಾನೆ. ಎಷ್ಟೋ ಸಲ ರಾಜೀನಾಮೆಗೂ ಮೊದಲೇ ಆರ್ಡರ್ ಮಾತಾಗಿರುತ್ತದೆ.

ಮೈಸೂರು ಕಿರ್ಲೋಸ್ಕರ್ ಇದ್ದಷ್ಟು ಕಾಲ ಲೇತುಗಳನ್ನೇ ತಯಾರಿಸಿದ ಹರಿಹರದ ಸೀಮೆಗೆ ಈ ದಾರಿ ಪರಕೀಯವೇನಲ್ಲ. ಆದರೆ ಗಲ್ಲಾದ ಲೆಕ್ಕ ಹಿಡಿದು ಜಾಬ್ ವರ್ಕ್‌ಗೆ ಇಳಿದರೆ ಕೆಟ್ಟಂತೆಯೇ.

ಮೊದಲು ಸಂಬಳವನ್ನೇ ಸರಿಯಾಗಿ ಎಣಿಸಬೇಕು. 27,500 ರೂಪಾಯಿ ಸಂಬಳ, ಅದರಲ್ಲಿ ಬೇಸಿಕ್ 15,000 ಅಂದುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 12% ಅಂದರೆ 1,800. ಗ್ರಾಚ್ಯುಟಿ ತಿಂಗಳಿಗೆ ಸುಮಾರು 720. ಅಲ್ಲಿಗೆ ಬಿಡುತ್ತಿರುವುದು 30 ಸಾವಿರದ ಕೆಲಸ. ಸ್ವಂತ ಶೆಡ್ಡಿನಲ್ಲಿ ನಿಮ್ಮ ಕೂಲಿ ಅಷ್ಟಾದರೂ ಇರಬೇಕು, ಅದನ್ನು ಖರ್ಚಿನ ಪಟ್ಟಿಯಲ್ಲೇ ಬರೆಯಬೇಕು. ‘ನಾನೇ ಓಡಿಸ್ತೀನಲ್ಲ, ಆಪರೇಟರ್ ಖರ್ಚಿಲ್ಲ’ ಅನ್ನುವುದು ನಮ್ಮವರ ಮಾಮೂಲಿ ತಪ್ಪು.

ಈಗ ಮಷೀನು. 10 ಲಕ್ಷ ಸಾಲ, 11% ಬಡ್ಡಿ, 5 ವರ್ಷ: ಕಂತು 21,750 ಹತ್ತಿರ. ಬಾಡಿಗೆ 8,000, ಕರೆಂಟು 7,000, ಕತ್ತರಿಸುವ ಇನ್ಸರ್ಟ್ ತುದಿ ಮತ್ತು ಕಾವು ತಣಿಸುವ ಕೂಲಂಟಿಗೆ 6,000, ರಿಪೇರಿಗೆ 3,000 ಇಟ್ಟರೆ 45,750. ನಿಮ್ಮ ಕೂಲಿ ಸೇರಿ 75,750. ದಿನಕ್ಕೆ 8 ತಾಸು, 25 ದಿನ ಅಂತ 200 ತಾಸಿಗೆ ಭಾಗಿಸಿದರೆ ತಾಸಿಗೆ 379 ರೂಪಾಯಿ. ಆ ರೇಟಿಗೆ ಒಪ್ಪಿಕೊಂಡಿರೋ, ಮುಗೀತು. ಸೆಟ್ಟಿಂಗ್, ಕರೆಂಟ್ ಕಟ್, ಮಾಲಿಗೆ ಕಾಯುವುದು ಎಲ್ಲ ಕಳೆದು ಮಷೀನು ನಿಜಕ್ಕೂ ಕತ್ತರಿಸುವುದು 140 ತಾಸು. ಬರುವುದು 53,060. ಕೂಲಿ ಬಿಟ್ಟು ಉಳಿದ ಖರ್ಚು 45,750 ಕಳೆದರೆ ಮನೆಗೆ 7,310!

ಸರಿ, 75,750ನ್ನು 140 ತಾಸಿಗೇ ಭಾಗಿಸಿ ತಾಸಿಗೆ 541 ಕೇಳಿ ನೋಡಿ. ಪಕ್ಕದ ಶೆಡ್ಡಿನವನು ಕಮ್ಮಿಗೆ ಮಾಡಿಕೊಡುತ್ತಾನೆ. ಅವನು ಎರಡು ಶಿಫ್ಟ್ ಓಡಿಸುತ್ತಾನೆ. ಆಪರೇಟರ್‌ಗೆ 18,000, ಹೆಚ್ಚಿನ ಕರೆಂಟು-ಇನ್ಸರ್ಟಿಗೆ 11,000 ಆ 75,750ಕ್ಕೆ ಸೇರಿಸಿದರೂ ಎರಡು ಶಿಫ್ಟಿನ 280 ತಾಸಿಗೆ ಹಂಚಿದಾಗ 374ಕ್ಕೆ ಇಳಿಯುತ್ತದೆ. ಕಂತು, ಬಾಡಿಗೆ ಎರಡನೇ ಶಿಫ್ಟಿಗೆ ಬೇರೆ ಇಲ್ಲವಲ್ಲ. ಹಾಗಾಗಿ ಒಂದು ಶಿಫ್ಟಿನ ಆರ್ಡರ್ ಮಾತ್ರ ಕೈಯಲ್ಲಿದ್ದರೆ ನೌಕರಿ ಬಿಡಬೇಡಿ ಅನ್ನುವುದೇ ನನ್ನ ಅಭಿಪ್ರಾಯ.

ಕೆಟ್ಟ ಪೀಸು ವಾಪಸಾಗುವ ರಿಜೆಕ್ಷನ್ನಿನದು ಇನ್ನೊಂದು ಏಟು. ಮಾಲಿನ ಜೊತೆ ಬರುವ ಚಲನ್ ಚೀಟಿಯಲ್ಲಿ 100 ಶಾಫ್ಟ್ ಬಂದರೆ 100ಕ್ಕೂ ಲೆಕ್ಕ ಒಪ್ಪಿಸಬೇಕು. ಬೇರಿಂಗ್ ಕೂರುವ ಜಾಗ ದಪ್ಪ ಉಳಿದರೆ ಮತ್ತೊಂದು ಕಟ್ ಕೊಡಬಹುದು, ತೆಳುವಾದರೆ ಗುಜರಿ. ನಿಮ್ಮ ಕೂಲಿಯೂ ಹೋಯಿತು, ಮಾಲಿನ ಬೆಲೆಯನ್ನೂ ಬಿಲ್ಲಿನಲ್ಲಿ ಹಿಡಿಯುತ್ತಾರೆ. ಇನ್ಸರ್ಟ್ ಬದಲಿಸಿದ ಮೇಲಿನ ಮೊದಲ ಪೀಸನ್ನು ಮೈಕ್ರೋಮೀಟರ್‌ನಲ್ಲಿ ಅಳೆಯದೆ ಮುಂದಿನದನ್ನು ಲೇತಿನ ಚಕ್‌ಗೆ (ಪೀಸ್ ಬಿಗಿಹಿಡಿಯುವ ಭಾಗ) ಕಟ್ಟಬಾರದು.

ದುಡ್ಡು ಬರುವುದು ಯಾವಾಗ? ತಿಂಗಳ ಕೊನೆಗೆ ಬಿಲ್ಲು, ಅಲ್ಲಿಂದ 60 ದಿನ. ಅಂದರೆ ಮೊದಲ ಮೂರು ತಿಂಗಳು ಒಂದು ಪೈಸೆ ಕಾಣದೆ 1,37,250 ಹೊರಗೆ ಹೋಗಿರುತ್ತದೆ, ಮನೆಖರ್ಚು ಬೇರೆ. ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನ ದುಡ್ಡು ಬಾರದಿದ್ದರೂ ತೆರಿಗೆ ಮರುತಿಂಗಳೇ ಕಟ್ಟಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಮೊದಲ ದಿನವೇ ಮಾಡಿಸಿ. ಸಣ್ಣ ಘಟಕಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ ಅಂತ ಕಾನೂನಿದೆ. ಇರುವ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡುವವರು ಯಾರು ಅನ್ನುವುದು ಬೇರೆ ಮಾತು. ಕೊಯಮತ್ತೂರಿನ ಪದ್ಧತಿಯಲ್ಲಿ ನನಗೆ ಹಿಡಿಸದ್ದು ಇದೇ: ಹಳೇ ಸಾಹೇಬರು ಹೋಗಿ ಹಳೇ ಸಾಹೇಬರೇ ಗಿರಾಕಿಯಾಗಿ ಬರುತ್ತಾರೆ. ವರ್ಷದೊಳಗೆ ಎರಡನೆಯ ಗಿರಾಕಿ ಸಿಗದಿದ್ದರೆ ಅದು ಪಿಎಫ್ ಇಲ್ಲದ ನೌಕರಿ, ಅಷ್ಟೇ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಕಡೆ ಶೆಡ್ ನೋಡುವವರು ಬಾಡಿಗೆ ಚೌಕಾಸಿಗಿಂತ ಮೊದಲು ಬೆಸ್ಕಾಂನಿಂದ ಎಷ್ಟು ಎಚ್‌ಪಿ ಮಂಜೂರಾಗಿದೆ ಅಂತ ಕರೆಂಟ್ ಬಿಲ್ ತರಿಸಿ ನೋಡಲಿ. ಲೋಡ್ ಸಾಲದಿದ್ದರೆ ಅರ್ಜಿ, ಡಿಪಾಸಿಟ್ಟು, ಕಾಯುವುದು. ಮಷೀನು ಪ್ಲಾಸ್ಟಿಕ್ ಹೊದ್ದು ಕೂತಿದ್ದರೂ ಕಂತಿನ ತಾರೀಕು ಬರುತ್ತಲೇ ಇರುತ್ತದೆ.