ಜೋಗ್ಜಾದ ಕ್ರಾಟನ್‌ಗೆ ಅರ್ಧ ದಿನ ಕೊಡಿ

ಬೊರೊಬುದೂರ್ ಮತ್ತು ಪ್ರಂಬಾನನ್ ದೇಗುಲಗಳ ನಡುವೆ ಉಳಿಯುವ ಒಂದು ಗಂಟೆಯಲ್ಲಿ ಜಾವಾದ ಯೋಗ್ಯಕರ್ತದ (ಜನರ ಬಾಯಲ್ಲಿ ಜೋಗ್ಜಾ) ಅರಮನೆಯನ್ನು, ಅಂದರೆ ಕ್ರಾಟನ್ ಅನ್ನು, ‘ಮುಗಿಸಿಬಿಡುವ’ ಪ್ಯಾಕೇಜ್ ಟೂರ್‌ಗಳ ಬಗ್ಗೆ ನನ್ನದೊಂದು ತಕರಾರಿದೆ. ಹಾಗೆ ಹೋಗಿಬಂದವರು ಹೇಳುವುದು ಒಂದೇ: “ಅಲ್ಲೇನಿದೆ ಮಾರಾಯ್ರೆ, ನಾಲ್ಕು ಮಂಟಪ, ಒಂದಿಷ್ಟು ಮರಳು!” ಮೈಸೂರು ಅರಮನೆಯಲ್ಲಿ ಪಳಗಿದ ಕಣ್ಣಿಗೆ ಹಾಗನ್ನಿಸಿದರೆ ತಪ್ಪೇನಿಲ್ಲ. ಕ್ರಾಟನ್‌ನಲ್ಲಿ ದೊಡ್ಡ ಮಹಡಿ, ಗೋಪುರ ಯಾವುದೂ ಇಲ್ಲ. ಉತ್ತರದ ಮೈದಾನದಿಂದ ದಕ್ಷಿಣದ ಮೈದಾನದವರೆಗೆ ಅಂಗಳದ ಹಿಂದೆ ಅಂಗಳ, ಅಂಗಳಕ್ಕೊಂದು ದ್ವಾರ, ಗೋಡೆಯಿಲ್ಲದ ಮಂಟಪಗಳು. ಇದೇ ಸಾಲನ್ನು ಉತ್ತರಕ್ಕೆ ಎಳೆದರೆ ಮೆರಾಪಿ ಜ್ವಾಲಾಮುಖಿ, ದಕ್ಷಿಣಕ್ಕೆ ಎಳೆದರೆ ಸಮುದ್ರ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಈ ಅಕ್ಷವೇ.

ಮೊದಲ ಎಡವಟ್ಟು ಆಗುವುದು ಬಾಗಿಲಲ್ಲಿ. ಉತ್ತರದ ಮೈದಾನದ ಕಡೆಯಿಂದ ಟಿಕೆಟ್ ತೆಗೆದುಕೊಂಡರೆ ಸಿಗುವುದು ಪಗೆಲಾರನ್ ಎಂಬ ಮುಂಭಾಗ ಮಾತ್ರ. ಅದನ್ನೇ ಅರಮನೆ ಎಂದುಕೊಂಡು ವಾಪಸಾಗುವವರು ಬಹಳ. ಒಳಗಿನ ಭಾಗಕ್ಕೆ ಪಶ್ಚಿಮದ ರೋತೊವಿಜಯನ್ ರಸ್ತೆಯಿಂದ ಸುತ್ತಿಕೊಂಡು ಕೆಬೆನ್ ಅಂಗಳಕ್ಕೆ ಬರಬೇಕು. ಅದರ ಟಿಕೆಟ್ ಬೇರೆ. ಸೋಮವಾರ ರಜೆ. ಉಳಿದ ದಿನ ಬೆಳಗ್ಗೆ ಬಾಗಿಲು ತೆರೆದರೆ ಮಧ್ಯಾಹ್ನ ಎರಡರ ಸುಮಾರಿಗೆಲ್ಲ ಮುಚ್ಚುತ್ತಾರೆ; ಊಟ ಮುಗಿಸಿ ಹೋಗೋಣ ಎಂದರೆ ಕೆಟ್ಟಿತು. 1989ರಿಂದ ಪಟ್ಟದಲ್ಲಿರುವ ಸುಲ್ತಾನ್ ಹತ್ತನೆಯ ಹಮೆಂಗ್ಕುಬುವೊನೊ ಅವರ ಮನೆ ಇದು. ಪ್ರಾಂತ್ಯದ ಗವರ್ನರ್ ಕೂಡ ಅವರೇ. ಹಾಗಾಗಿ ಸಮಾರಂಭ ಇದ್ದ ದಿನ ಪ್ರವಾಸಿಗರಿಗೆ ಪ್ರವೇಶ ಇರದೆಯೂ ಹೋಗಬಹುದು. ಹಿಂದಿನ ದಿನ ಅರಮನೆಯ ಅಧಿಕೃತ ಇನ್‌ಸ್ಟಾಗ್ರಾಂ ಪುಟ ನೋಡಿಕೊಳ್ಳಿ. ಆದರೆ ಮಾಲಿಯೊಬೊರೊ ಬೀದಿಯಲ್ಲಿ ನಗುನಗುತ್ತ ಬಂದು “ಇವತ್ತು ಕ್ರಾಟನ್ ಬಂದ್” ಎನ್ನುವವನನ್ನು ಮಾತ್ರ ನಂಬಬೇಡಿ. ಅವನ ಮುಂದಿನ ಮಾತು ಬಾಟಿಕ್ ಪ್ರದರ್ಶನದ ಕೊನೆಯ ದಿನದ್ದಾಗಿರುತ್ತದೆ.

ಬಾಟಿಕ್ ಎಂದಾಗ ನೆನಪಾಯಿತು. ಓರೆಯಾಗಿ ಸಾಲು ಸಾಲು ಬಳುಕುವ ‘ಪರಾಂಗ್’ ವಿನ್ಯಾಸ ರಾಜಮನೆತನಕ್ಕೆ ಮೀಸಲು. ಬೀದಿಯಲ್ಲಿ ಎಲ್ಲರಿಗೂ ಮಾರುತ್ತಾರೆ, ಅರಮನೆಯೊಳಗೆ ಮಾತ್ರ ನಡೆಯುವುದಿಲ್ಲ. ಹೊಸ ಅಂಗಿ ತೊಟ್ಟು ಉತ್ಸಾಹದಿಂದ ಹೋದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಟೋಪಿಯನ್ನೂ ತೆಗೆಯಬೇಕು. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಗಾಢ ನೀಲಿ ಗೆರೆಯ ಅಂಗಿ ತೊಟ್ಟು ಬರಿಗಾಲಲ್ಲಿ ಓಡಾಡುವವರು ‘ಅಬ್ದಿ ದಲೆಂ’, ಅರಮನೆಯ ಸೇವಕರು. ಅವರಿಗೆ ಸಿಗುವ ಸಂಬಳ ನೆಪಕ್ಕಷ್ಟೆ. ಫೋಟೊ ಬೇಕಿದ್ದರೆ ಮೊದಲು ಕೇಳಿ. ಕುಳಿತವರ ಮುಂದೆ ಹಾಯುವಾಗ ತುಸು ಬಾಗಿ “ನುವುನ್ ಸೆವು” ಅನ್ನಿ. ಏನನ್ನಾದರೂ ತೋರಿಸುವುದಿದ್ದರೆ ತೋರುಬೆರಳು ಬೇಡ, ಬಲಗೈ ಹೆಬ್ಬೆರಳು.

ನನ್ನ ಪ್ರಕಾರ ಹೆಚ್ಚು ಸಮಯ ಕೊಡಬೇಕಾದ ಜಾಗ ಶ್ರೀಮಂಗಂತಿ ಮಂಟಪ. ಬೆಳಗಿನ ಹೊತ್ತು ಅಲ್ಲಿ ದಿನಕ್ಕೊಂದು ಬಗೆ: ಒಮ್ಮೆ ಗಮೆಲಾನ್ ಎಂಬ ಕಂಚಿನ ವಾದ್ಯಮೇಳ, ಒಮ್ಮೆ ತೊಗಲುಗೊಂಬೆ, ಒಮ್ಮೆ ನೃತ್ಯ. ಐದು ನಿಮಿಷ ವಿಡಿಯೊ ಮಾಡಿ ಎದ್ದುಹೋದರೆ ಕಿವಿಗೆ ಬೀಳುವುದು ಬರೀ ಕಂಚಿನ ಸದ್ದು. ಕರ್ನಾಟಕ ಸಂಗೀತ ಕೇಳಿದ ಕಿವಿ ಒಂದು ವಿಷಯ ಗಮನಿಸಬೇಕು. ನಮ್ಮ ತಾಳದ ಆವರ್ತನದ ತೂಕವೆಲ್ಲ ಮೊದಲ ಪೆಟ್ಟಿನಲ್ಲಿರುತ್ತದೆ, ಗಮೆಲಾನ್‌ನಲ್ಲಿ ದೊಡ್ಡ ಗಾಂಗ್ ಬೀಳುವುದು ಸುತ್ತಿನ ಕೊನೆಯ ಪೆಟ್ಟಿಗೆ. ಅದಕ್ಕಾಗಿ ಕಾಯುತ್ತ ಕೂತರೆ ರಚನೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಐದು ಸ್ವರದ ಸ್ಲೆಂದ್ರೊ, ಏಳು ಸ್ವರದ ಪೆಲೊಗ್ ಎಂದು ಎರಡು ಶ್ರೇಣಿ. ಒಂದೊಂದು ಮೇಳಕ್ಕೂ ಅದರದೇ ಶ್ರುತಿ, ಹೀಗಾಗಿ ಒಂದರ ವಾದ್ಯ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂಬತ್ತು ಮಂದಿಯ ಬೆಧಾಯ ನೃತ್ಯ ನೋಡಲು ಸಿಕ್ಕಿದರೆ ಅಭಿನಯ ಹುಡುಕಬೇಡಿ. ಸಾಲು ಹೇಗೆ ಒಡೆದು ಮತ್ತೆ ಕೂಡುತ್ತದೆ, ಸೊಂಟದ ವಸ್ತ್ರದ ತುದಿಯನ್ನು ಬೆರಳು ಹೇಗೆ ಚಿಮ್ಮಿಸುತ್ತದೆ, ಅದನ್ನು ನೋಡಿ.

ಇನ್ನು “ಇದೆಲ್ಲ ನಮ್ಮದೇ ಅಲ್ವಾ” ಎನ್ನುವವರಿಗೆ ಒಂದು ಮಾತು. ಮಹಾಭಾರತದ ಕಥೆ ಹೇಳುವ ಜಾವಾದ ಗೊಂಬೆಯಾಟದಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ. ಶಿಖಂಡಿ ಅಲ್ಲಿ ‘ಸ್ರಿಕಂದಿ’, ಬಿಲ್ಲು ಹಿಡಿದ ವೀರ ಹೆಣ್ಣು, ಅರ್ಜುನನ ಮಡದಿ. ಕಥೆಯ ಜೀವಾಳವಾದ ಸೆಮಾರ್, ಗರೆಂಗ್, ಪೆತ್ರುಕ್, ಬಗೊಂಗ್ ಎಂಬ ವಿದೂಷಕರು ನಮ್ಮ ಮಹಾಭಾರತದಲ್ಲಿ ಎಲ್ಲೂ ಇಲ್ಲ. ಡೊಳ್ಳುಹೊಟ್ಟೆಯ ಆಳು ಸೆಮಾರ್ ನಿಜದಲ್ಲಿ ದೇವರು; ಅರಸು ಮಕ್ಕಳಿಗೆ ಬುದ್ಧಿ ಹೇಳುವುದು ಅವನೇ. ಇದನ್ನು ನಮ್ಮದರ ನಕಲು ಎಂದು ನೋಡಿದರೆ ಅವರು ಕಟ್ಟಿದ್ದೇ ಕಾಣುವುದಿಲ್ಲ.

ನಿಜವಾದ ನಂಟು ಬೇಕಿದ್ದರೆ ಬಾಲ ಹೆಣೆದುಕೊಂಡ ಎರಡು ನಾಗಗಳ ಉಬ್ಬುಶಿಲ್ಪ ಹುಡುಕಿ. ‘ದ್ವಿ ನಾಗ ರಸ ತುಂಗಲ್’: 2, 8, 6, 1. ಬಲದಿಂದ ಎಡಕ್ಕೆ ಓದಿದರೆ 1682. ಪದಗಳಲ್ಲಿ ವರ್ಷ ಹೇಳುವ ಕ್ರಮ ನಮ್ಮ ಶಾಸನಗಳನ್ನು ಓದಿದವರಿಗೆ ಹೊಸದಲ್ಲ, ನಾಗ ಎಂದರೆ ಎಂಟು, ರಸ ಎಂದರೆ ಆರು ಎನ್ನುವುದೂ ಹೊಸದಲ್ಲ. ಆದರೆ ಲೆಕ್ಕದಲ್ಲಿ ಎಡವುತ್ತೀರಿ. ಶಕವರ್ಷ ಎಂದುಕೊಂಡು 78 ಕೂಡಿಸಿದರೆ 1760 ಬರುತ್ತದೆ, ಸುಲ್ತಾನರು ಇಲ್ಲಿ ನೆಲೆಸಿದ್ದು 1756ರಲ್ಲಿ. 1633ರಲ್ಲಿ ಜಾವಾದ ದೊರೆ ಸುಲ್ತಾನ್ ಅಗುಂಗ್ ಶಕದ ಎಣಿಕೆಯನ್ನು ಹಾಗೇ ಉಳಿಸಿ ವರ್ಷವನ್ನು ಮಾತ್ರ ಅಧಿಕಮಾಸವಿಲ್ಲದ ಚಾಂದ್ರಮಾನಕ್ಕೆ ಬದಲಿಸಿದ. ಎಣಿಕೆ ವರ್ಷಕ್ಕೆ ಹನ್ನೊಂದು ದಿನದಂತೆ ಓಡಿ 123 ವರ್ಷದಲ್ಲಿ ಹೆಚ್ಚುಕಡಿಮೆ ನಾಲ್ಕು ವರ್ಷ ಮುಂದೆ ಹೋಯಿತು.

ಇನ್ನೊಂದು ನಂಟೂ ಇದೆ, ಹೆಮ್ಮೆಪಡುವಂಥದ್ದಲ್ಲ. 1812ರ ಜೂನ್‌ನಲ್ಲಿ ಆಗ ಜಾವಾವನ್ನು ಆಳುತ್ತಿದ್ದ ರಾಫಲ್ಸ್‌ ಕೈಕೆಳಗಿನ ಬ್ರಿಟಿಷರು ಈ ಅರಮನೆಗೆ ನುಗ್ಗಿ ಕೊಳ್ಳೆ ಹೊಡೆದಾಗ ಸೈನ್ಯದಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಅರಮನೆಯ ಹಸ್ತಪ್ರತಿಗಳು ಇಂಗ್ಲೆಂಡಿಗೆ ಹೋದದ್ದು ಆಗಲೇ. ಗೈಡ್ ಇದನ್ನು ತಾವಾಗಿ ಹೇಳದಿದ್ದರೆ ನೀವೇ ಕೇಳಿ.