ಚುಕ್ಕೆ ಕಾಣದ ಚಿರತೆಗೆ ಪರಿಹಾರವಿಲ್ಲ

ನಮ್ಮ ಹಸು ಗೌರಿ ಹೋದದ್ದು ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ದೇವರಿಗೆ ದೀಪ ಹಚ್ಚುವ ಹೊತ್ತಿಗೆ. ಹಿಡಿದದ್ದು ಕಪ್ಪು ಚಿರತೆ. ಗೌರಿಯೂ ಕಪ್ಪು, ಅಪ್ಪಟ ಮಲೆನಾಡು ಗಿಡ್ಡ. ಹೊತ್ತೂ ಮುಳುಗಿತ್ತು. ಇಷ್ಟು ಕಪ್ಪು ಒಂದೇ ಅರ್ಜಿಯಲ್ಲಿ ಸೇರಿದರೆ ಯಾವ ಕಡತ ತಾನೇ ಮುಂದೆ ಹೋದೀತು?

"ಹೆಸರು ಗೌರಿ, ಬಣ್ಣ ಕಪ್ಪು. ಗೌರಿ ಎಂದರೆ ಬೆಳ್ಳಗಿರುವವಳಲ್ಲವೇ ಹೆಗಡೆಯವರೇ?" ಎಂದು ಅರಣ್ಯ ಕಚೇರಿಯಲ್ಲಿ ಮೇಜಿನ ಆಚೆಗಿದ್ದವರು ಕನ್ನಡಕ ಏರಿಸಿದರು. ಸಂಸ್ಕೃತ ಬಲ್ಲವರು. ಹಬ್ಬದ ದಿನ ಹುಟ್ಟಿದ್ದಕ್ಕೆ ಅಮ್ಮ ಇಟ್ಟ ಹೆಸರು ಎಂದೆ. ಪೆನ್ಸಿಲ್ಲಿನಲ್ಲಿ ಬರೆದುಕೊಂಡರು.

ನಿಜವಾದ ತೊಡಕು ಮುಂದಿನ ಅಂಕಣದಲ್ಲಿತ್ತು. ಅಲ್ಲಿ ಹುಲಿ ಇದೆ, ಚಿರತೆ ಇದೆ, ಕಪ್ಪು ಚಿರತೆ ಇಲ್ಲ. "ಚಿರತೆ ಎಂದರೆ ಚುಕ್ಕೆ ಇರಬೇಕು. ನಿಮ್ಮದಕ್ಕೆ ಇತ್ತೇ?"

ಇರುತ್ತದೆ ಸ್ವಾಮಿ, ಓರೆ ಬಿಸಿಲಿನಲ್ಲಿ ನೋಡಿದರೆ ಕಪ್ಪಿನೊಳಗೇ ಕಾಣುತ್ತದೆ ಎಂದೆ. ಬೇರೆ ಪ್ರಾಣಿಯಲ್ಲ, ಅದೇ ಚಿರತೆ. ಒಂದು ವಂಶವಾಹಿ ಕೆಟ್ಟು ಮೈಯೆಲ್ಲ ಕಪ್ಪಾಗಿದೆ, ಅಷ್ಟೆ. ಹಾಗೆ ವಿವರಿಸುವಾಗ ಅವರ ತಲೆಯ ಮೇಲಿನ ಗೋಡೆಯಲ್ಲಿ ಕಪ್ಪು ಚಿರತೆಯೇ ಕುಳಿತು ನನ್ನನ್ನು ನೋಡುತ್ತಿತ್ತು. ದೊಡ್ಡ ಕ್ಯಾಲೆಂಡರ್, ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸ್ವಾಗತ. ಕೈ ತೋರಿಸಿದೆ. ಅವರು ತಿರುಗಿಯೂ ನೋಡಲಿಲ್ಲ. "ಅದು ಪ್ರವಾಸೋದ್ಯಮದ್ದು. ಇದು ಪರಿಹಾರದ್ದು."

ಕೊನೆಗೆ ಅವರಿಗೇ ಕನಿಕರ ಹುಟ್ಟಿ, "ಹುಲಿ ಎಂದೇ ಬರೆಯೋಣ, ಕರಿಹುಲಿ ಇರುತ್ತದಂತಲ್ಲ" ಎಂದರು. ಇರುತ್ತದೆ, ಒಡಿಶಾದ ಸಿಮಿಲಿಪಾಲದಲ್ಲಿ. ಅದರ ಪಟ್ಟೆಗಳು ದಪ್ಪವಾಗಿ ಒಂದಕ್ಕೊಂದು ಕೂಡಿಕೊಂಡಿವೆ. ಟ್ಯಾಕ್‌ಪೆಪ್ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದರಿಂದ ಹಾಗಾಗಿದೆ ಎಂದು 2021ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಕಂಡುಹಿಡಿದರು. ನಮ್ಮ ಗೌರಿಗಾಗಿ ಅದು ಅಲ್ಲಿಂದ ನಡೆದು ಬಂದೀತೇ? ಒಂದು ಅಕ್ಷರ ತಪ್ಪಿದರೆ ಹುಲಿ ಕಪ್ಪಾಗುತ್ತದೆ ಎಂದಾಗ ಮಾತ್ರ ಅವರು ತಲೆದೂಗಿದರು. ಪಹಣಿಯಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತದೆಂದು ಅವರಿಗೆ ಗೊತ್ತು.

"ಹಾಗಾದರೆ ಇದರ ತಾಯಿಯೂ ಕಪ್ಪೇ?"

ನನ್ನ ಬಾಯಿ ಸುಮ್ಮನಿರಬೇಕಿತ್ತು. ಆಗಬೇಕೆಂದಿಲ್ಲ ಎಂದುಬಿಟ್ಟೆ. ಚಿರತೆಗಳಲ್ಲಿ ಕಪ್ಪು ಅಡಗಿ ಬರುವ ಗುಣ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಸೇರಿದರೆ ಮಾತ್ರ ಹೊರಗೆ ತೋರುತ್ತದೆ. ಹಳದಿ ಅಪ್ಪ, ಹಳದಿ ಅಮ್ಮನಿಗೂ ಕಪ್ಪು ಮರಿ ಹುಟ್ಟಬಹುದು. ಅಮೆರಿಕ ಖಂಡದ ಜಾಗ್ವಾರ್‌ಗಾದರೆ ಒಬ್ಬರಿಂದ ಬಂದರೂ ಸಾಕು.

"ಸರಿ, ವಂಶವೃಕ್ಷ ಮಾಡಿಸಿಕೊಂಡು ಬನ್ನಿ."

ವಂಶವೃಕ್ಷ ಕೇಳುವುದಾದರೆ ಮೃಗಾಲಯದ ಬಿಳಿ ಹುಲಿಗಳದ್ದನ್ನು ಕೇಳಬೇಕು. 1951ರಲ್ಲಿ ರೇವಾದಲ್ಲಿ ಹಿಡಿದ ಮೋಹನ ಎಂಬ ಬಿಳಿ ಹುಲಿಯನ್ನು ಅವನ ಮಗಳೊಂದಿಗೇ ಕೂಡಿಸಿ ಬಿಳಿ ಮರಿ ಮಾಡಿಸಿದರು. ತಂದೆಯ ಹೆಸರು, ಅಜ್ಜನ ಹೆಸರು ಎರಡೂ ಕಡೆ ಮೋಹನ. ಅದಕ್ಕೆ ಟಿಕೆಟ್ ತೆಗೆದುಕೊಂಡು ಸಾಲಿನಲ್ಲಿ ನಿಲ್ಲುತ್ತೇವೆ. ಎರಡು ಹಳದಿ ಚಿರತೆಗಳ ಮರ್ಯಾದಸ್ಥ ಸಂತಾನಕ್ಕೆ ದಾಖಲೆ ಬೇಕು!

ಹೊರಡುವಾಗ ಅವರು ಹಿಂದಿನಿಂದ ಕರೆದರು. ಚಿರತೆಯ ಭಾವಚಿತ್ರ ಎರಡು ಬೇಕಂತೆ. "ಹಿನ್ನೆಲೆ ಬಿಳಿ ಇರಲಿ ಹೆಗಡೆಯವರೇ, ಇಲ್ಲದಿದ್ದರೆ ಮುಖ ಕಾಣುವುದಿಲ್ಲ."