ಮೂರನೇ ಗುಂಡು ಹಂದಿಗಲ್ಲ

ನಾನಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ. ಕಳೆದ ತಿಂಗಳು ಚಿಂಚೋಳಿ ಕಡೆಯ ನಮ್ಮ ಊರಿನಿಂದ ಕಾಕಾ ಫೋನ್ ಮಾಡಿದ್ದರು. ಶೇಂಗಾ ಹೊಲಕ್ಕೆ ಮತ್ತೆ ಹಂದಿ ನುಗ್ಗಿದ್ದವು. "ತಮ್ಮಾ, ನೀ ಅಲ್ಲಿ ಗಾಳಿ ಬಂದೂಕಿಲೆ ಹಂದಿ ಹೊಡಿತಿ ಅಂತ ಕೇಳೀನಿ. ಬರೂ ಮುಂದ ನಮಗೂ ಒಂದು ತಗೊಂಡ ಬಾ," ಅಂದರು. ಆವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಊರಲ್ಲಿ ಇದೇ ಆಸೆ ಇಟ್ಟುಕೊಂಡ ಬೇರೆಯವರೂ ಓದಲಿ ಅಂತ.

ನಮ್ಮ ಕಡೆ ಗಾಳಿ ಬಂದೂಕು ಅಂದ್ರೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಬಲೂನ್ ಅಂಗಡಿ ನೆನಪಾಗುತ್ತೆ. ನಳಿಗೆ ಮಡಚಿ, ಕಡಲೆಗಿಂತ ಸಣ್ಣ ಸೀಸದ ಗುಂಡು ಹಾಕಿ ಹೊಡೆಯೋದು. ಕಾಕಾ ಕೇಳಿದ್ದು ಅದಲ್ಲ. ಟೆಕ್ಸಾಸ್‌ನಲ್ಲಿ ನಮ್ಮ ಹತ್ತಿರ ಇರೋದು ಎರಡು ದೊಡ್ಡ ಬಂದೂಕು. ನನ್ನದರ ನಳಿಗೆಯ ಒಳಗಲ 0.357 ಇಂಚು, ಪಕ್ಕದ ರಾಂಚಿನ, ಅಂದ್ರೆ ದನ ಸಾಕುವ ದೊಡ್ಡ ಜಮೀನಿನ, ಹಿರಿಯರದ್ದು 0.457. ಅವರದ್ದರ ಗುಂಡಿನ ತೂಕ 350 ಗ್ರೇನ್. ನಮ್ಮ ಬಂಗಾರದ ಅಂಗಡಿಯ ಲೆಕ್ಕದಲ್ಲಿ ಹೇಳೋದಾದ್ರೆ ಹಳೇ ಒಂದು ತೊಲೆ 180 ಗ್ರೇನ್, ಅಂದ್ರೆ ಹತ್ತಿರ ಹತ್ತಿರ ಎರಡು ತೊಲೆ ಸೀಸ. ಇದೇನೂ ಹೊಸ ಆಟಿಕೆಯಲ್ಲ. ಆಸ್ಟ್ರಿಯಾದ ಸೈನ್ಯ 1780ರ ದಶಕದಲ್ಲೇ ಜಿರಾರ್ಡೋನಿ ಅನ್ನುವ ಗಾಳಿ ಬಂದೂಕು ಇಟ್ಟುಕೊಂಡಿತ್ತು.

ಬಂದೂಕಿನೊಳಗೇ ಒಂದು ಗಾಳಿ ಸಿಲಿಂಡರ್ ಇರುತ್ತೆ. ಕಾರಿನ ಟೈರಿಗೆ 32 ಪಿಎಸ್‌ಐ ಗಾಳಿ ಹಾಕಿಸ್ತೀವಿ ಅಲ್ವಾ, ಇದಕ್ಕೆ 3000. ಕುದುರೆ (ಟ್ರಿಗರ್) ಒತ್ತಿದಾಗ ಒಳಗಿನ ಸುತ್ತಿಗೆ ವಾಲ್ವಿಗೆ ಬಡಿಯುತ್ತೆ, ವಾಲ್ವ್ ಕ್ಷಣಕ್ಕಿಂತ ಕಡಿಮೆ ಹೊತ್ತು ತೆರೆಯುತ್ತೆ, ಆ ಗಾಳಿಯೇ ಗುಂಡನ್ನು ನೂಕುತ್ತೆ. ಮದ್ದಿಲ್ಲ, ಹೊಗೆಯಿಲ್ಲ. ಆದರೆ ಮದ್ದಿನ ತೋಟಾ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಹಾರಿದರೆ, ಇಲ್ಲಿ ಪ್ರತಿ ಹೊಡೆತಕ್ಕೂ ಸಿಲಿಂಡರಿನ ಒತ್ತಡ ಇಳಿಯುತ್ತಾ ಹೋಗುತ್ತೆ. ಮೊದಲನೇ ಗುಂಡೂ ನಾಲ್ಕನೇ ಗುಂಡೂ ಒಂದೇ ಅಲ್ಲ. ಜಾಸ್ತಿ ತುಂಬಿಸಿದರೆ ಇನ್ನೊಂದು ತೊಂದರೆ. ಗಾಳಿ ವಾಲ್ವನ್ನು ಒಳಗಿನಿಂದ ಗಟ್ಟಿಯಾಗಿ ಅದುಮಿ ಹಿಡಿಯುತ್ತೆ, ಸುತ್ತಿಗೆಗೆ ಅದನ್ನು ಪೂರ್ತಿ ತೆರೆಯೋಕೆ ಆಗಲ್ಲ, ಗುಂಡು ನಿಧಾನವಾಗುತ್ತೆ. ಗಾಳಿ ಹೆಚ್ಚಿದಷ್ಟೂ ಜೋರು ಹೆಚ್ಚುತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಟೆಕ್ಸಾಸ್‌ನಲ್ಲಿ 2018ರಿಂದ ಜಿಂಕೆಯಂಥ ದೊಡ್ಡ ಪ್ರಾಣಿಗೆ ಗಾಳಿ ಬಂದೂಕು ಬಳಸಬಹುದು. ಗುಂಡು ಕನಿಷ್ಠ 0.30 ಇಂಚಿನದು ಇರಬೇಕು. ತೂಕ 150 ಗ್ರೇನ್, ವೇಗ ಸೆಕೆಂಡಿಗೆ 800 ಅಡಿ, ಅಥವಾ ತೂಕ ವೇಗ ಎರಡೂ ಸೇರಿ 215 ಅಡಿ-ಪೌಂಡ್ ಶಕ್ತಿ ಬರಬೇಕು. ಕಾಡುಹಂದಿಗೆ ಅಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಜಮೀನಿನವರ ಒಪ್ಪಿಗೆ ಇದ್ದರೆ ಖಾಸಗಿ ಹೊಲದಲ್ಲಿ 2019ರಿಂದ ಬೇಟೆ ಲೈಸೆನ್ಸ್ ಕೂಡ ಬೇಕಿಲ್ಲ. ಆದರೂ ಆ ಹಿರಿಯರು ಮೊದಲ ದಿನವೇ ಹೇಳಿದರು, ಜಿಂಕೆಗೆ ಇಟ್ಟ ಅಳತೆಯೇ ಹಂದಿಗೂ, ಅದಕ್ಕಿಂತ ಕಡಿಮೆ ಇರುವ ಗುಂಡು ನನ್ನ ಜಮೀನಿನಲ್ಲಿ ಹಾರಬಾರದು ಅಂತ. ಬಲಿತ ಗಂಡು ಹಂದಿಯ ಭುಜದ ಮೇಲೆ ಚರ್ಮದಡಿ ಗಟ್ಟಿ ಹಲಗೆಯಂಥದ್ದು ಇರುತ್ತೆ. ಸೋತ ಗುಂಡು ಅಲ್ಲೇ ನಿಂತುಬಿಡುತ್ತೆ. ಹಂದಿ ಸಾಯಲ್ಲ. ಗಾಯ ಹೊತ್ತು ಓಡಿ ಎಲ್ಲೋ ಮುಳ್ಳುಕಂಟಿಯಲ್ಲಿ ಬಿದ್ದು ದಿನಗಟ್ಟಲೆ ನರಳುತ್ತೆ.

ಹೀಗಾಗಿ ಮೂರು ಶನಿವಾರ ನಾವು ಒಂದು ಹಂದಿಯನ್ನೂ ನೋಡಲಿಲ್ಲ. ಬರೀ ಪರೀಕ್ಷೆ. ನಳಿಗೆಯ ಮುಂದೆ ವೇಗ ಅಳೆಯುವ ಕ್ರೋನೋಗ್ರಾಫ್, ಪಕ್ಕದಲ್ಲಿ ನೋಟ್‌ಬುಕ್. ನನ್ನ ಬಂದೂಕಿಗೆ 145 ಗ್ರೇನ್ ಗುಂಡು. ಮೊದಲನೇ ಹೊಡೆತ 780 ಅಡಿ. ಶಕ್ತಿ ಎಷ್ಟು ಅಂತ ತಿಳಿಯೋಕೆ ತೂಕವನ್ನು ವೇಗದ ವರ್ಗದಿಂದ ಗುಣಿಸಿ 4,50,240ರಿಂದ ಭಾಗಿಸಬೇಕು. ಬಂದಿದ್ದು 196 ಅಡಿ-ಪೌಂಡ್. ಸಾಲದು. ಸುತ್ತಿಗೆಯ ಸ್ಪ್ರಿಂಗ್ ಒಂದು ಸುತ್ತು ಬಿಗಿ ಮಾಡಿದೆ, 812 ಅಡಿ ಬಂತು, ಶಕ್ತಿ 212. ಇನ್ನೂ ಮೂರು ಕಡಿಮೆ. ನಾನಾಗಿದ್ದರೆ ಮೂರು ತಾನೇ ಅಂತ ಬಿಟ್ಟುಬಿಡುತ್ತಿದ್ದೆ. ಅವರು ಮಾತಾಡದೆ ಸ್ಕ್ರೂಡ್ರೈವರ್ ಕೈಗೆ ಕೊಟ್ಟರು. ಇನ್ನರ್ಧ ಸುತ್ತು. 828 ಅಡಿ, 220 ದಾಟಿತು. ಅದೇ ಗಾಳಿಯಲ್ಲಿ ಎರಡನೇ ಗುಂಡು 823, ಶಕ್ತಿ 218. ಮೂರನೇದು 809. ಲೆಕ್ಕ ಹಾಕಿದರೆ 211.

ಸಿಲಿಂಡರಿನಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಗಾಳಿ ಇತ್ತು. ಬಂದೂಕು ಇನ್ನೂ ನಾಲ್ಕಾರು ಗುಂಡು ಆರಾಮಾಗಿ ಹಾರಿಸುತ್ತಿತ್ತು. ಅವರು ನನ್ನ ನೋಟ್‌ಬುಕ್ ತಗೊಂಡು ಎರಡನೇ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ದಪ್ಪ ಗೆರೆ ಎಳೆದರು. ಮೂರನೇ ಗುಂಡು ಕಾಗದಕ್ಕೆ, ಹಂದಿಗಲ್ಲ. ಅವರ 0.457 ಮೊದಲನೇ ಗುಂಡಿಗೇ 470 ಅಡಿ-ಪೌಂಡ್ ದಾಟುತ್ತೆ, ಅದಕ್ಕೆ ಈ ಚಿಂತೆ ಇರಲಿಲ್ಲ. ಅದರ ತಕರಾರು ಬೇರೆ. ನಾಲ್ಕನೇ ಗುಂಡಿನ ಹೊತ್ತಿಗೆ ವೇಗ ಎಷ್ಟು ಇಳಿಯುತ್ತೆ ಅಂದ್ರೆ 50 ಗಜದಲ್ಲೂ ಗುರಿ ಕೆಳಗೆ ಜಾರುತ್ತೆ. ಈ ಗುಂಡುಗಳು ಮೊದಲೇ ನಿಧಾನ. 50 ಗಜಕ್ಕೆ ಸರಿಮಾಡಿದ ಬಂದೂಕು 100 ಗಜದಲ್ಲಿ ಒಂದಡಿಗಿಂತ ಜಾಸ್ತಿ ಕೆಳಗೆ ಬೀಳಿಸುತ್ತೆ. ಗುಂಡುಗಳನ್ನೂ ಒಂದೊಂದಾಗಿ ತಕ್ಕಡಿಗೆ ಇಟ್ಟು ತೂಗಿದೆವು. ಎರಡು ಮೂರು ಗ್ರೇನ್ ಆಚೀಚೆ ಇದ್ದವು ಬೇರೆ ಡಬ್ಬಿಗೆ ಹೋದವು.

ಆ ತಕ್ಕಡಿಯ ಮುಂದೆ ಕೂತಾಗ ನನಗೆ ನೆನಪಾಗಿದ್ದು ಇದೇ ಕಾಕಾ. ನಾನು ಸಣ್ಣವನಿದ್ದಾಗ ಜೋಳ ತೆನೆ ಕಟ್ಟಿದ ಮೇಲೆ ಅಟ್ಟದ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಓಡಿಸುತ್ತಿದ್ದರು. ಕಲ್ಲನ್ನು ಹಳ್ಳದಿಂದ ಆರಿಸಿ ತರುತ್ತಿದ್ದರು. ಒಂದೊಂದನ್ನೂ ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಮಾಡಿ, ಹಗುರ ಅನಿಸಿದರೆ ಅಲ್ಲೇ ನೀರಿಗೆ ಬಿಸಾಡೋರು. ಕವಣಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹಗ್ಗ ನಾಲ್ಕು ಬೆರಳು ಉದ್ದ ಆದ್ರೂ ಕಲ್ಲು ಬೇರೆ ಹೊಲಕ್ಕೆ ಹೋಗುತ್ತೆ ಅನ್ನೋರು. ಅಮೆರಿಕದವರು ಅಳತೆಯ ಜನ, ನಾವು ಅಂದಾಜಿನ ಜನ ಅಂತ ಹೇಳೋರು ಇದ್ದಾರೆ. ನಾನು ಒಪ್ಪಲ್ಲ. ಆ ಅಂಗೈ ತಕ್ಕಡಿಯೇ ಆಗಿತ್ತು.

ಟೆಕ್ಸಾಸ್‌ನಲ್ಲೂ ಎಲ್ಲರೂ ಆ ಹಿರಿಯರಂತಿಲ್ಲ. ಅಮೆರಿಕದ ಕೇಂದ್ರ ಕಾನೂನಿನ ಲೆಕ್ಕದಲ್ಲಿ ಗಾಳಿ ಬಂದೂಕು ಬಂದೂಕೇ ಅಲ್ಲ, ಕೊರಿಯರ್ ಡಬ್ಬಿಯಲ್ಲಿ ಮನೆ ಬಾಗಿಲಿಗೆ ಬರುತ್ತೆ. ಡಬ್ಬಿ ಬಿಚ್ಚಿದ ದಿನವೇ ಗಾಳಿ ತುಂಬಿಸಿಕೊಂಡು ಹಂದಿ ಹುಡುಕಿ ಹೊರಟವರನ್ನು ನೋಡಿದ್ದೇನೆ, ನನಗೆ ಅದು ಸಿಟ್ಟು ತರಿಸುತ್ತೆ. ಈ ವಿಷಯದಲ್ಲಿ ನಮ್ಮ ಕಾನೂನೇ ಮೇಲು ಅಂತ ನನ್ನ ಅಭಿಪ್ರಾಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು ಅಥವಾ 20 ಜೌಲ್ ದಾಟಿದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಕು. ನನ್ನ ಬಂದೂಕಿನ ಶಕ್ತಿ ಸುಮಾರು 300 ಜೌಲ್. ಅದಕ್ಕಿಂತ ಮುಖ್ಯ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಬೆಳೆ ತಿಂದಿತು ಅಂತ ನಮ್ಮಷ್ಟಕ್ಕೆ ನಾವೇ ಹಂದಿ ಹೊಡೆಯುವಂತಿಲ್ಲ. ಬೀದರ್, ಯಾದಗಿರಿ ಕಡೆ ರಾತ್ರಿ ಹೊಲದಲ್ಲಿ ಎರಡು ಕಣ್ಣು ಹೊಳೆದರೆ ಅದು ಹಂದಿಯೇ ಆಗಿರಬೇಕೆಂದಿಲ್ಲ, ಚಿಗರಿಯೂ ಇರಬಹುದು. ಹೊಲದಲ್ಲಿ ಮಲಗಿದ ಮನುಷ್ಯನೂ ಇರಬಹುದು.

ಇನ್ನೊಂದು ಭಯ ಗಾಳಿಯದ್ದೇ. ಪಂಕ್ಚರ್ ಅಂಗಡಿಯ ಕಂಪ್ರೆಸರ್ 3000 ಪಿಎಸ್‌ಐ ಹತ್ತಿರಕ್ಕೂ ಬರಲ್ಲ. ಆಗ ಯಾರಾದರೂ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತೋರಿಸಿಯೇ ತೋರಿಸ್ತಾರೆ. ದಯವಿಟ್ಟು ಬೇಡ. ಒತ್ತಡದ ಆಕ್ಸಿಜನ್‌ಗೆ ಒಂದಿಷ್ಟು ಗ್ರೀಸ್ ತಗುಲಿದರೆ ಬಂದೂಕು ಕೈಯಲ್ಲೇ ಸಿಡಿಯುತ್ತೆ. ನಮ್ಮ ಬಿಸಿಲೂ ಸುಮ್ನೆ ಬಿಡಲ್ಲ. 20 ಡಿಗ್ರಿಯಲ್ಲಿ 3000 ತುಂಬಿಸಿದ್ದು 40 ಡಿಗ್ರಿಗೆ 3200ರ ಹತ್ತಿರ ಹೋಗುತ್ತೆ.

ಹಾಗಂತ ರೈತ ಸುಮ್ನೆ ಕೂತು ನೋಡಬೇಕಾ? ಅಲ್ಲ. ಆರು ತಿಂಗಳ ಬೆವರು ಒಂದು ರಾತ್ರಿಗೆ ಮಣ್ಣಾದ ಹೊಲದಲ್ಲಿ ನಾನೂ ನಿಂತಿದ್ದೇನೆ. ಪರಿಹಾರದ ಅರ್ಜಿ ಕೊಟ್ಟು ಕಾಯುವ ಸಂಕಟವೂ ಗೊತ್ತು. ಆದರೆ ಆ ಸಿಟ್ಟಿನಲ್ಲಿ ಬೇಲಿಗೆ ಕರೆಂಟ್ ತಂತಿ ಕಟ್ಟೋದು ನಮ್ಮಲ್ಲಿ ಹೆಚ್ಚಾಗುತ್ತಿದೆ ಅನಿಸುತ್ತೆ, ಮತ್ತು ಆ ತಂತಿಗೆ ಹಂದಿ ಯಾವುದು, ಎತ್ತು ಯಾವುದು, ನೀರು ಹಾಯಿಸೋಕೆ ಬಂದ ಹುಡುಗ ಯಾರು ಅನ್ನೋದು ತಿಳಿಯಲ್ಲ. ಕಲ್ಲನ್ನು ಅಂಗೈಯಲ್ಲಿ ತೂಗಿ ಆರಿಸುತ್ತಿದ್ದ ಊರು ಅಂಥ ತಂತಿಗೆ ಹೋಗಬಾರದು. ಲೈಸೆನ್ಸ್, ಅನುಮತಿ ಎಲ್ಲ ಕೊಟ್ಟು ಹಂದಿ ಹೊಡೆಸುವ ಕಾಲ ಬಂದರೆ, ಹೊಡೆಯುವವನ ಕೈಯಲ್ಲಿ ಇಂಥದೊಂದು ನೋಟ್‌ಬುಕ್ ಇರಬೇಕು, ಎಷ್ಟನೇ ಗುಂಡಿಗೆ ನಿಲ್ಲಿಸಬೇಕು ಅನ್ನುವ ಗೆರೆ ಅದರಲ್ಲಿ ಇರಬೇಕು.

ಹೋದ ಭಾನುವಾರ ಕಾಕಾಗೆ ಮತ್ತೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಬಂದೂಕು ತರಲ್ಲ, ದೊಡ್ಡ ಬೆಳಕಿನ ಬ್ಯಾಟರಿ ಎರಡು ತರ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡ ಗುಂಡಿಗೆ ಮುಗಿತಂದ್ರ ಮತ್ತ ಗಾಳಿ ತುಂಬಲಾಕ ಎಷ್ಟೊತ್ತ ಬೇಕು?" ಅಂತ ಕೇಳಿದರು. ದೊಡ್ಡ ಸಿಲಿಂಡರಿನಿಂದಾದ್ರೆ ಒಂದೆರಡು ನಿಮಿಷ, ಅವಸರ ಮಾಡಿದರೆ ಬಿಸಿಯಾಗಿ ಒತ್ತಡದ ಮೀಟರಿನ ಮುಳ್ಳು ಸುಳ್ಳು ತೋರಿಸುತ್ತೆ, ತಣ್ಣಗಾದ ಮೇಲೆ ಇಳಿಯುತ್ತೆ ಅಂದೆ. "ಹಂಗಾದ್ರ ಹಂದಿ ಬೀದರ ಮುಟ್ಟಿರ್ತದ," ಅಂದರು.

ಹಿರಿಯರ 0.457 ಈಗ ರಾತ್ರಿ ಕಳೆಯುವಷ್ಟರಲ್ಲಿ 100 ಪಿಎಸ್‌ಐ ಇಳಿಸುತ್ತಿದೆ. ಎಲ್ಲೋ ಒಂದು ರಬ್ಬರ್ ರಿಂಗ್ ಹೋಗಿದೆ. ಈ ಶನಿವಾರ ಬಿಚ್ಚಿ ನೋಡಬೇಕು. ರಿಂಗ್ ಬದಲಾದರೆ ನೋಟ್‌ಬುಕ್ಕಿನ ಆ ಪುಟ ಮತ್ತೆ ಮೊದಲಿಂದ.